ಕೈಗೆ ವಾಚ್ ಕಟ್ಟಿ, ಅದನ್ನು ನೋಡುವವರನ್ನೂ ಕೊಡಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರು ಮತ್ತು ಆಯುಕ್ತರಿಗೆ,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ.

ಮಾನ್ಯರೇ, ನಮಸ್ಕಾರ.

ನಾನು ತುಮಕೂರು ಜಿಲ್ಲೆಯಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದವರು, ಹಾರ್ಟ್ ಆಪರೇಷನ್ ಆದವರು, ಸೊಂಟ ಮುರಿದುಕೊಂಡವರು, ಇವರನ್ನು ಮತ್ತೆ ಎಬ್ಬಿಸಿ ನಡೆಸುವುದು ನನ್ನ ಕೆಲಸ. ನಿಮ್ಮಲ್ಲಿ ಒಂದು ಬೇಡಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ರೋಗಿ ಆಸ್ಪತ್ರೆ ಬಿಟ್ಟು ಮನೆಗೆ ಹೋದ ಮೇಲೆ ದಿನಕ್ಕೆ ಎಷ್ಟು ಓಡಾಡುತ್ತಾರೆ ಅನ್ನುವುದನ್ನು ಮೈಮೇಲೆ ಕಟ್ಟುವ ಸೆನ್ಸರ್ ಮತ್ತು ಮೊಬೈಲ್ ಮೂಲಕ ತಿಳಿದುಕೊಳ್ಳುವ ವ್ಯವಸ್ಥೆ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೂ ಬರಬೇಕು. ಅದರ ಜೊತೆಗೇ ಆ ಲೆಕ್ಕ ನೋಡಿ ರೋಗಿಗೆ ಫೋನ್ ಮಾಡುವ ಒಬ್ಬರೂ ಬರಬೇಕು. ಆ ಒಬ್ಬರನ್ನು ಕೊಡಲು ಆಗುವುದಿಲ್ಲ ಅಂದರೆ ದಯವಿಟ್ಟು ವಾಚುಗಳಿಗೆ ದುಡ್ಡು ಹಾಕಬೇಡಿ.

ಇಲಾಖೆ ಕೈಕಟ್ಟಿ ಕೂತಿಲ್ಲ ಅನ್ನುವುದು ನನಗೆ ಗೊತ್ತು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುವಂತಾಗಿದೆ. ನಿಮ್ಹಾನ್ಸ್ ಜೊತೆ ಸೇರಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಕ್ಲಿನಿಕ್‌ಗಳು ಬಂದಿವೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯದಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಜೀವ ಉಳಿಸುವುದಕ್ಕೆ, ಕಾಯಿಲೆ ಹುಡುಕುವುದಕ್ಕೆ ಇಷ್ಟೆಲ್ಲ ಆಗಿದೆ. ಹಾಗೆ ಉಳಿದ ಜೀವ ಮನೆಗೆ ಹೋಗಿ ಮಂಚ ಹಿಡಿಯಿತೋ, ಎದ್ದು ಓಡಾಡಿತೋ ಅಂತ ವಿಚಾರಿಸುವವರು ಮಾತ್ರ ಇಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ನಾವು ಬರೆಯುವುದು ಒಂದೇ ಸಾಲು: ದಿನಾ ವಾಕಿಂಗ್ ಮಾಡಿ, ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ. ಮತ್ತೆ ತೋರಿಸಲು ಬಂದಾಗ ನಡೆಯುವ ಮಾತುಕತೆ ಹೀಗಿರುತ್ತದೆ.

"ಯಜಮಾನ್ರೇ, ದಿನಾ ನಡೀತಾ ಇದೀರಾ?"

"ನಡೀತೀನಿ ಮೇಡಂ, ನಡೀದೆ ಇರ್ತೀನಾ?"

ಪಕ್ಕದಲ್ಲಿ ನಿಂತ ಸೊಸೆ ಮೆಲ್ಲಗೆ ಹೇಳುತ್ತಾಳೆ, "ಎಲ್ಲಿ ನಡೀತಾರೆ ಮೇಡಂ. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ."

ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಕಾಲೆಳೆದುಕೊಂಡು ಬಚ್ಚಲಿಗೆ ಹೋಗಿ ಬರುವುದೇ ಅವರಿಗೆ ಒಂದು ಮೈಲಿ ನಡೆದಷ್ಟು ಸುಸ್ತು. ಆದರೆ ನನಗೆ ಬೇಕಾದ್ದು ಆ ಇಬ್ಬರ ಮಾತಿನಲ್ಲೂ ಇಲ್ಲ. ಹೋದ ವಾರಕ್ಕಿಂತ ಈ ವಾರ ಜಾಸ್ತಿಯೋ ಕಮ್ಮಿಯೋ? ಒಂದೇ ಸಲಕ್ಕೆ ನಡೆದು ಉಳಿದ ಹೊತ್ತೆಲ್ಲ ಮಲಗುತ್ತಾರೋ, ಆಗಾಗ ಎದ್ದು ಓಡಾಡುತ್ತಾರೋ? ಎಂದಿನಿಂದ ಕಮ್ಮಿಯಾಯಿತು? ಇದನ್ನು ಯಾರೂ ನೆನಪಿಟ್ಟು ಹೇಳಲು ಆಗುವುದಿಲ್ಲ. ಆರೋಗ್ಯವಂತರೇ ಹೇಳಲಾರರು.

ದಿನಾ ಆಸ್ಪತ್ರೆಗೆ ಬನ್ನಿ ಅನ್ನೋಣ ಅಂದರೆ ಅದೂ ಆಗದ ಮಾತು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿದೆ, ನಿಜ. ಆದರೆ ಒಂದು ಕೈ ಒಂದು ಕಾಲು ಬಿದ್ದುಹೋದವರನ್ನು ಸರ್ಕಾರಿ ಬಸ್ಸಿನ ಆ ಎತ್ತರದ ಮೆಟ್ಟಿಲು ಹತ್ತಿಸಿ ನೋಡಿ. ಜೊತೆಗೆ ಬರುವ ಮಗನೋ ಮಗಳೋ ಆ ದಿನದ ಕೂಲಿ ಬಿಟ್ಟು ಬರಬೇಕು. ಎರಡು ಸಲ ಬರುತ್ತಾರೆ, ಮೂರನೇ ಸಲಕ್ಕೆ ನಿಂತುಹೋಗುತ್ತಾರೆ.

ಆಸ್ಪತ್ರೆಯಲ್ಲಿ ಇರುವಾಗಲೂ ರೋಗಿ ನಾವು ಅಂದುಕೊಂಡಷ್ಟು ಓಡಾಡುವುದಿಲ್ಲ. 2009ರಲ್ಲಿ ಅಮೆರಿಕದ ಸಂಶೋಧಕರು ಆಸ್ಪತ್ರೆ ಸೇರಿದ 45 ವಯಸ್ಸಾದ ಮಾಜಿ ಸೈನಿಕರ ತೊಡೆಗೆ ಮತ್ತು ಪಾದದ ಗಂಟಿಗೆ ಸೆನ್ಸರ್ ಕಟ್ಟಿ ನೋಡಿದರು. ಅಳೆದ ಸಮಯದಲ್ಲಿ ಶೇ. 83ರಷ್ಟು ಹೊತ್ತು ಅವರು ಮಲಗಿಯೇ ಇದ್ದರು. ಇವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಬರುವ ಮೊದಲು ಸ್ವಂತ ಕಾಲ ಮೇಲೆ ನಡೆಯುತ್ತಿದ್ದವರು. ನಮ್ಮ ವಾರ್ಡುಗಳಲ್ಲಿ ಒಂದು ಒಳ್ಳೆಯದಿದೆ. ಮಂಚದ ಪಕ್ಕ ಹೆಂಡತಿಯೋ ತಮ್ಮನೋ ಚಾಪೆ ಹಾಸಿಕೊಂಡು ಇದ್ದೇ ಇರುತ್ತಾರೆ. ಎಬ್ಬಿಸಿ ನಡೆಸಲು ಜನ ಇದ್ದಾರೆ. ಎಷ್ಟು, ಯಾವಾಗ, ಹೇಗೆ ಅಂತ ಅವರಿಗೆ ಹೇಳುವವರು ಬೇಕು, ಅಷ್ಟೆ.

ಮನೆಯವರು ನೋಡಿಕೊಳ್ಳುತ್ತಾರೆ ಬಿಡಿ ಅನ್ನುವ ಮಾತು ನಮ್ಮಲ್ಲಿ ಸಲೀಸಾಗಿ ಬರುತ್ತದೆ. ಅದನ್ನು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿದ್ದಾರೆ. ಅಟೆಂಡ್ ಅನ್ನುವ ಅಧ್ಯಯನ, 2017ರಲ್ಲಿ ಪ್ರಕಟವಾಯಿತು. ಭಾರತದ 14 ಆಸ್ಪತ್ರೆಗಳ 1,250 ಸ್ಟ್ರೋಕ್ (ಲಕ್ವ) ರೋಗಿಗಳು ಅದರಲ್ಲಿದ್ದರು. ಅರ್ಧದಷ್ಟು ಜನರ ಮನೆಯವರೊಬ್ಬರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿ ಕಳಿಸಿದರು, ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಆರು ತಿಂಗಳಾದ ಮೇಲೆ ನೋಡಿದರೆ ಸಾವಿನಲ್ಲಾಗಲಿ, ಇನ್ನೊಬ್ಬರನ್ನು ಅವಲಂಬಿಸಿ ಬದುಕುವುದರಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಮನೆಯವರಿಂದ ಏನೂ ಆಗುವುದಿಲ್ಲ ಅಂತ ನಾನು ಅಂದುಕೊಳ್ಳಲಿಲ್ಲ. ಒಮ್ಮೆ ಕಲಿಸಿ ಕಳಿಸಿದರೆ ಸಾಲದು, ಆಮೇಲೂ ಬೆನ್ನಿಗೆ ನಿಲ್ಲುವವರು ಬೇಕು ಅಂತ ನನಗೆ ಅನಿಸಿತು. ಮನೆಮನೆಗೆ ದಿನಾ ಹೋಗಲು ನಮ್ಮಲ್ಲಿ ಅಷ್ಟು ಜನ ಇಲ್ಲ. ಹಾಗಿರುವಾಗ ಯಾರ ಮನೆಗೆ ಇವತ್ತು ಹೋಗಲೇಬೇಕು ಅಂತ ತಿಳಿಸುವ ಒಂದು ಉಪಾಯ ಬೇಕಲ್ವಾ? ಸೆನ್ಸರ್ ಬರುವುದು ಅಲ್ಲಿ.

ಈ ಸೆನ್ಸರ್ ಅಂದರೆ ಏನೋ ದೊಡ್ಡದಲ್ಲ. ನಿಮ್ಮ ಜೇಬಿನ ಮೊಬೈಲಿನಲ್ಲೂ ಇದೆ. ಫೋನನ್ನು ಅಡ್ಡ ಹಿಡಿದಾಗ ಪರದೆ ತಾನೂ ಅಡ್ಡವಾಗುತ್ತದಲ್ಲ, ಅದು ಆಕ್ಸಿಲರೋಮೀಟರ್‌ನ ಕೆಲಸ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತುಣುಕೊಂದು ಸ್ಪ್ರಿಂಗಿನ ಮೇಲೆ ನಿಂತಿರುತ್ತದೆ. ನಾವು ಅಲ್ಲಾಡಿದರೆ ಅದೂ ಅಲ್ಲಾಡುತ್ತದೆ. ಮೇಲೆ ಕೆಳಗೆ, ಹಿಂದೆ ಮುಂದೆ, ಎಡ ಬಲ, ಮೂರೂ ಕಡೆಯ ಅಲುಗಾಟ ಅಲ್ಲಿ ದಾಖಲಾಗುತ್ತದೆ. ಅಲುಗಾಡದೆ ಇದ್ದಾಗಲೂ ಭೂಮಿಯ ಸೆಳೆತ ಅದಕ್ಕೆ ಗೊತ್ತಾಗುತ್ತದೆ. ಹಾಗಾಗಿ ತೊಡೆಗೆ ಕಟ್ಟಿದರೆ ತೊಡೆ ನೆಟ್ಟಗಿದೆಯೋ ಅಡ್ಡಗಿದೆಯೋ ನೋಡಿ, ನಿಂತಿದ್ದಾರೋ ಕೂತಿದ್ದಾರೋ ಅಂತ ಹೇಳಬಹುದು. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಏಟು ಬೀಳುತ್ತದೆ, ಆ ಏಟುಗಳನ್ನು ಎಣಿಸಿದರೆ ಹೆಜ್ಜೆಯ ಲೆಕ್ಕ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ 2013ರಿಂದ 2015ರ ನಡುವೆ ಒಂದು ಲಕ್ಷಕ್ಕೂ ಹೆಚ್ಚು ಜನರ ಕೈಗೆ ಇಂಥ ಸೆನ್ಸರನ್ನು ಒಂದೊಂದು ವಾರ ಕಟ್ಟಿ ಅಳೆದಿದೆ. ಅಂದರೆ ಇದು ಪ್ರಯೋಗಾಲಯದ ಆಟಿಕೆಯ ಹಂತ ದಾಟಿ ಎಷ್ಟೋ ವರ್ಷವಾಯಿತು.

ಹೆಜ್ಜೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಹತ್ತು ಸಾವಿರ ಅಂತ ಬರುತ್ತದೆ. ಅದು ಹುಟ್ಟಿದ್ದು ಜಪಾನಿನಲ್ಲಿ. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಅಲ್ಲಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಲು ಶುರು ಮಾಡಿ, ಅದಕ್ಕೆ ಹತ್ತು ಸಾವಿರ ಹೆಜ್ಜೆಯ ಮೀಟರ್ ಅನ್ನುವ ಅರ್ಥದ ಹೆಸರಿಟ್ಟಿತು. ವೈದ್ಯಶಾಸ್ತ್ರ ಕೊಟ್ಟ ಸಂಖ್ಯೆ ಅಲ್ಲ ಅದು. 2019ರಲ್ಲಿ ಸರಾಸರಿ 72 ವರ್ಷದ 16,741 ಅಮೆರಿಕನ್ ಹೆಂಗಸರ ಲೆಕ್ಕ ನೋಡಿದಾಗ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವು ಎದ್ದು ಕಾಣುವಷ್ಟು ಕಮ್ಮಿ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ನಮ್ಮ ರೋಗಿಗಳಿಗೆ ಇದು ಬಲು ಒಳ್ಳೆಯ ಸುದ್ದಿ. ಎಪ್ಪತ್ತು ದಾಟಿದವರ ಕಣ್ಣಮುಂದೆ ಹತ್ತು ಸಾವಿರ ಅಂತ ಇಟ್ಟರೆ ಮೊದಲ ದಿನವೇ ವಾಚು ಬಿಚ್ಚಿ ಗೂಡಿನಲ್ಲಿಡುತ್ತಾರೆ.

ಜಾಸ್ತಿ ಮಾಡಿದಷ್ಟೂ ಒಳ್ಳೆಯದು ಅನ್ನುವುದೂ ಎಲ್ಲ ಕಾಲಕ್ಕೂ ನಿಜ ಅಲ್ಲ. ಸ್ಟ್ರೋಕ್ ಆದ 24 ಗಂಟೆಯೊಳಗೇ ಎಬ್ಬಿಸಿ ಪದೇಪದೇ ನಡೆಸಿದರೆ ಬೇಗ ಸುಧಾರಿಸುತ್ತಾರಾ ಅಂತ 2,104 ರೋಗಿಗಳ ಮೇಲೆ ಅವರ್ಟ್ ಅನ್ನುವ ಅಧ್ಯಯನ ನಡೆಯಿತು. 2015ರಲ್ಲಿ ಫಲಿತಾಂಶ ಬಂದಾಗ, ಹಾಗೆ ಅವಸರ ಮಾಡಿದವರ ಸ್ಥಿತಿ ಮೂರು ತಿಂಗಳಲ್ಲಿ ಮಾಮೂಲಿ ಆರೈಕೆ ಪಡೆದವರಷ್ಟು ಚೆನ್ನಾಗಿರಲಿಲ್ಲ. ಯಾರಿಗೆ, ಯಾವಾಗ, ಎಷ್ಟು ಅನ್ನುವುದನ್ನು ರೋಗಿಯನ್ನು ಮುಟ್ಟಿ ನೋಡಿದವರೇ ಗೊತ್ತು ಮಾಡಬೇಕು. ಕಂಪನಿಯ ಆ್ಯಪು ಎಲ್ಲರಿಗೂ ಒಂದೇ ಗುರಿ ಕೊಟ್ಟು, ಮುಟ್ಟದಿದ್ದರೆ ಟಿಣ್ ಅಂತ ಎಚ್ಚರಿಸುವುದು ಕಾಯಿಲೆಯವರಿಗೆ ಆಗಿಬರುವುದಿಲ್ಲ.

ಇನ್ನು ನಾನು ಈ ಪತ್ರ ಬರೆಯಲು ಮುಖ್ಯ ಕಾರಣವಾದ ವಿಷಯ. ಅಂಗಡಿಯಲ್ಲಿ ಸಿಗುವ ವಾಚು ಗಟ್ಟಿಮುಟ್ಟಾದವರಿಗಾಗಿ ಮಾಡಿದ್ದು. ಕೈ ಬೀಸಿಕೊಂಡು ನಡೆಯುವವರ ಹೆಜ್ಜೆ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ನನ್ನ ರೋಗಿಗಳು ಕೈ ಬೀಸುವುದಿಲ್ಲ.

ಒಬ್ಬರು ಅಜ್ಜಿ. ಎಡಗಡೆ ಲಕ್ವ. ಬೆಂಗಳೂರಿನ ಮಗ ಒಂದು ವಾಚು ತಂದು ಕಟ್ಟಿದ್ದ. ವಾರ್ಡಿನ ಮುಂದಿನ ಪಡಸಾಲೆಯಲ್ಲಿ ವಾಕರ್ ಹಿಡಿಸಿ ನಡೆಸಿದೆ. ಎರಡೂ ಕೈ ವಾಕರನ್ನು ಬಿಗಿಯಾಗಿ ಹಿಡಿದಿವೆ. ವಾಕರ್ ಎತ್ತಿ ಮುಂದಿಡುತ್ತಾರೆ, ಬಲಗಾಲು ಹಾಕುತ್ತಾರೆ, ಎಡಗಾಲನ್ನು ಸೊಂಟದಿಂದ ಎತ್ತಿ ಅರ್ಧ ಸುತ್ತು ತಿರುಗಿಸಿ ತಂದು ಪಕ್ಕಕ್ಕೆ ಇಡುತ್ತಾರೆ. ಉಸಿರು ತೆಗೆದುಕೊಂಡು ಮತ್ತೆ ವಾಕರ್. ಕೊನೆಯ ಕಂಬ ಮುಟ್ಟಿ ವಾಪಸ್ ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಹಣೆಯೆಲ್ಲ ಬೆವರು. ವಾಚು ನೋಡಿದರೆ ಸಂಖ್ಯೆ ಹೆಚ್ಚುಕಮ್ಮಿ ಹೊರಟಾಗ ಇದ್ದಷ್ಟೇ ಇತ್ತು. ಮಾರನೇ ದಿನ ಅದೇ ವಾಚನ್ನು ಮಣಿಕಟ್ಟಿನಿಂದ ಬಿಚ್ಚಿ, ಚೆನ್ನಾಗಿರುವ ಬಲಗಾಲಿನ ಗಂಟಿನ ಮೇಲೆ ಕಟ್ಟಿದೆ. ಪಟ್ಟಿ ಸಾಲದೆ ಬ್ಯಾಂಡೇಜ್ ಬಟ್ಟೆ ಸುತ್ತಬೇಕಾಯಿತು. ಈ ಸಲ ಲೆಕ್ಕ ನಾನು ಬಾಯಲ್ಲಿ ಎಣಿಸಿದ್ದರ ಹತ್ತಿರ ಬಂತು. "ಕಾಲ್ಗೆ ಕಡಗ ಹಾಕ್ದಂಗಾಯ್ತು ಬಿಡಮ್ಮ" ಅಂತ ಅಜ್ಜಿ ನಕ್ಕರು.

ಇದು ನನ್ನೊಬ್ಬಳ ಅನುಭವ ಅಲ್ಲ. ನಿಧಾನವಾಗಿ ನಡೆಯುವವರ, ಊರುಗೋಲು ಅಥವಾ ವಾಕರ್ ಹಿಡಿದವರ ಹೆಜ್ಜೆಗಳನ್ನು ಮಣಿಕಟ್ಟಿನ ಸೆನ್ಸರ್ ಕಮ್ಮಿ ಎಣಿಸುತ್ತದೆ, ಪಾದದ ಗಂಟಿಗೆ ಕಟ್ಟಿದ್ದು ಹೆಚ್ಚು ಸರಿಯಾಗಿ ಎಣಿಸುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಡುಷೆನ್ ಅನ್ನುವ ಸ್ನಾಯು ಕರಗುವ ಕಾಯಿಲೆಯ ಮಕ್ಕಳ ನಡಿಗೆಯ ವೇಗವನ್ನು ಪಾದದ ಗಂಟಿನ ಸೆನ್ಸರಿನಿಂದ ಮನೆಯಲ್ಲೇ ಅಳೆಯುವ ವಿಧಾನವನ್ನು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಒಪ್ಪಿಕೊಂಡಿತು. 2023ರಲ್ಲಿ ಅದನ್ನೇ ಹೊಸ ಔಷಧಗಳ ಪರೀಕ್ಷೆಯಲ್ಲಿ ಮುಖ್ಯ ಅಳತೆಯಾಗಿ ಬಳಸಬಹುದು ಅಂದಿತು. ಆಸ್ಪತ್ರೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿ ಅಳೆಯುವ ಹಳೆಯ ಪರೀಕ್ಷೆಯ ಜಾಗದಲ್ಲಿ, ಮಗು ಮನೆಯಲ್ಲಿ ಆಡಿಕೊಂಡಿದ್ದಾಗಿನ ನಡಿಗೆಗೇ ಬೆಲೆ ಬಂದಿದೆ. ಕಟ್ಟುವ ಜಾಗ ಸರಿ ಇರಬೇಕು, ಲೆಕ್ಕ ಹಾಕುವ ರೀತಿ ಆ ರೋಗಿಗಳ ಮೇಲೇ ಪರೀಕ್ಷೆ ಆಗಿರಬೇಕು. ಆಗ ಮಾತ್ರ ಆ ಲೆಕ್ಕ ನಂಬಬಹುದು.

ಅಜ್ಜಿ ಅಷ್ಟು ಕಷ್ಟಪಟ್ಟು ನಡೆದದ್ದನ್ನು ಯಂತ್ರ ಸೊನ್ನೆ ಅಂದರೆ ಅವರಿಗೆ ಹೇಗಾಗಬೇಡ? ತಪ್ಪು ಲೆಕ್ಕದಿಂದ ರೋಗಿಯ ಮನಸ್ಸು ಮುರಿಯುತ್ತದೆ. ಟೆಂಡರ್ ಕರೆಯುವ ಮೊದಲು ಇದನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು.

ವಾಚು ಯಾಕೆ, ಎಲ್ಲರ ಹತ್ತಿರ ಮೊಬೈಲ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಒಂದು ಹಳ್ಳಿ ಮನೆಯ ಮಧ್ಯಾಹ್ನವನ್ನು ನೆನೆಸಿಕೊಳ್ಳಿ. ಫೋನು ನಡುಮನೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿರುತ್ತದೆ. ಮನೆಯೊಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ, ಕೊಟ್ಟಿಗೆ ಗುಡಿಸುತ್ತಾ, ಸೌದೆ ತರುತ್ತಾ ಇರುತ್ತಾಳೆ. ಸೀರೆಗೆ ಜೇಬಿಲ್ಲ. ಫೋನಿನ ಲೆಕ್ಕದಲ್ಲಿ ಆಕೆ ದಿನವಿಡೀ ಕೂತೇ ಇದ್ದಾಳೆ. ಅಷ್ಟಕ್ಕೂ ಆ ಫೋನು ಆಕೆಯದ್ದೇ ಆಗಿರಬೇಕಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಇರುವ ಹೆಂಗಸರು ದೇಶದಲ್ಲಿ ಶೇ. 54ರಷ್ಟು ಮಾತ್ರ. ಸ್ಮಾರ್ಟ್‌ಫೋನ್ ಮಾತ್ರ ಎಣಿಸಿದರೆ ಇನ್ನೂ ಕಮ್ಮಿ. ಕಂಪನಿಗಳು ಹೆಜ್ಜೆ ಅಂದರೆ ಪಾರ್ಕಿನಲ್ಲಿ ಶೂ ಹಾಕಿಕೊಂಡು ನಡೆಯುವುದು ಅಂದುಕೊಂಡಿವೆ. ಕೂತು ಸೊಪ್ಪು ಬಿಡಿಸುವುದು, ಕುಕ್ಕರುಗಾಲಲ್ಲಿ ಕೂತು ಎದ್ದು ಮಾಡುವುದು, ಬಗ್ಗಿ ಕಳೆ ಕೀಳುವುದು, ಇದೆಲ್ಲ ಮೈಗೆ ದೊಡ್ಡ ಶ್ರಮ. ಹೆಜ್ಜೆಯ ಲೆಕ್ಕದಲ್ಲಿ ಇದು ಬರುವುದೇ ಇಲ್ಲ. ಅದೇ ಮಣಿಕಟ್ಟಿಗೆ ವಾಚು ಕಟ್ಟಿಕೊಂಡು ಮುದ್ದೆ ತಿರುವಿದರೆ ಅದನ್ನೂ ಹೆಜ್ಜೆ ಅಂತ ಸೇರಿಸುವ ವಾಚುಗಳಿವೆ. ಗುಂಡಿ ಬಿದ್ದ ರಸ್ತೆಯ ಬಸ್ಸಿನಲ್ಲಿ ಕೂತರೂ ಹೆಜ್ಜೆ ಏರುವುದುಂಟು. ಈ ಕೆಲಸಗಳನ್ನು ಸೆನ್ಸರಿಗೆ ಕಲಿಸಬೇಕಾದರೆ ನಮ್ಮ ಅಡುಗೆಮನೆಯಲ್ಲಿ, ನಮ್ಮ ಹೊಲದಲ್ಲಿ ಅಳೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ನಿಮ್ಹಾನ್ಸ್ ಇದೆ, ಜಯದೇವ ಇದೆ, ಜಿಲ್ಲೆಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಈ ಕೆಲಸಕ್ಕೆ ನಾವು ಬೇರೆ ಯಾರ ಬಾಗಿಲಿಗೂ ಹೋಗಬೇಕಿಲ್ಲ.

ಈಗ ದುಡ್ಡಿನ ಮಾತು, ಅಂದರೆ ಇದರಿಂದ ಉಪಯೋಗ ಇದೆಯಾ ಅನ್ನುವ ಪ್ರಶ್ನೆ. ಇದೆ. ಹೆಜ್ಜೆ ಎಣಿಸುವ ಯಂತ್ರಗಳ ಬಗ್ಗೆ ನಡೆದ 26 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವರದಿಯೊಂದು 2007ರಲ್ಲಿ ಬಂತು. ಅದರಲ್ಲಿ, ಚೀಟಿ ಎತ್ತಿ ಗುಂಪು ಮಾಡಿ ನಡೆಸಿದ ಪ್ರಯೋಗಗಳಲ್ಲಿ, ಯಂತ್ರ ಕಟ್ಟಿಕೊಂಡವರು ಕಟ್ಟಿಕೊಳ್ಳದವರಿಗಿಂತ ದಿನಕ್ಕೆ ಸುಮಾರು 2,500 ಹೆಜ್ಜೆ ಜಾಸ್ತಿ ನಡೆದಿದ್ದರು. ಅಲ್ಲಿಯೂ ಒಂದು ಗುರಿ ಇಟ್ಟುಕೊಂಡವರಿಗೇ ಲಾಭ. ಆದರೆ 2016ರಲ್ಲಿ ಬಂದ ಇನ್ನೊಂದು ಅಧ್ಯಯನವನ್ನೂ ನೋಡಿ. ತೂಕ ಇಳಿಸಿಕೊಳ್ಳಲು ಬಂದ 471 ಯುವಜನರಿಗೆ ಮೊದಲು ಎಲ್ಲರಿಗೂ ಒಂದೇ ಸಲಹೆ, ಒಂದೇ ಊಟದ ಕ್ರಮ. ಆಮೇಲೆ ಒಂದು ಗುಂಪಿಗೆ ಮೈಮೇಲೆ ಕಟ್ಟುವ ಸೆನ್ಸರ್ ಕೊಟ್ಟರು. ಎರಡು ವರ್ಷ ಕಳೆದ ಮೇಲೆ ಸೆನ್ಸರ್ ಇದ್ದವರು ಸರಾಸರಿ 3.5 ಕೆಜಿ ಇಳಿದಿದ್ದರೆ, ಇಲ್ಲದವರು 5.9 ಕೆಜಿ ಇಳಿದಿದ್ದರು. ಯಂತ್ರ ಇದ್ದ ಮಾತ್ರಕ್ಕೆ ಕೆಲಸ ಆಗುತ್ತದೆ ಅನ್ನುವ ನಂಬಿಕೆ ಅಲ್ಲಿಗೆ ಬಿತ್ತು. ಯಾರೂ ತೆಗೆದು ನೋಡದ ಲೆಕ್ಕ ಬೀಗ ಹಾಕಿದ ಪೋಸ್ಟ್ ಡಬ್ಬದಲ್ಲಿ ಉಳಿದ ಕಾಗದದ ಹಾಗೆ. ಬರೆದವರಿಗೂ ಉಪಯೋಗವಿಲ್ಲ, ತಲುಪಬೇಕಾದವರಿಗೂ ಇಲ್ಲ.

ಲೆಕ್ಕ ನೋಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಅಜ್ಜಿಯ ಮುಂದಿನ ಕಥೆ ಹೇಳುತ್ತೇನೆ. ಮನೆಗೆ ಹೋದ ಮೇಲೂ ಮಗ ವಾಚನ್ನು ಕಾಲಿಗೇ ಕಟ್ಟಿಸುತ್ತಿದ್ದ. ಲೆಕ್ಕ ಅವನ ಫೋನಿಗೆ ಬರುತ್ತಿತ್ತು, ಅವನು ನನಗೆ ಕಳಿಸುತ್ತಿದ್ದ. ದಿನದಿನಕ್ಕೆ ಏರುತ್ತಿದ್ದ ಹೆಜ್ಜೆ ಒಂದು ವಾರ ಇದ್ದಕ್ಕಿದ್ದ ಹಾಗೆ ಅರ್ಧಕ್ಕೆ ಬಂತು. ಇನ್ನೊಂದು ಸ್ಟ್ರೋಕೇ ಆಯಿತಾ ಅಂತ ನನಗೆ ಗಾಬರಿ. ಫೋನ್ ಮಾಡಿದರೆ ಅಜ್ಜಿಯೇ ಎತ್ತಿದರು, ಮಾತು ಸ್ಪಷ್ಟವಾಗಿತ್ತು. ವಿಷಯ ಇಷ್ಟೇ. ಬಚ್ಚಲುಮನೆ ಇರುವುದು ಮನೆಯ ಹೊರಗೆ. ಮಳೆ ಹಿಡಿದು ಅಂಗಳದ ಕಲ್ಲು ಪಾಚಿಗಟ್ಟಿತ್ತು. ಒಂದು ಸಲ ಜಾರಿದ್ದಾರೆ, ಬಿದ್ದಿಲ್ಲ. ಆ ಹೆದರಿಕೆಗೆ ನೀರು ಕುಡಿಯುವುದನ್ನೇ ಕಮ್ಮಿ ಮಾಡಿ, ಏಳುವುದನ್ನೇ ಬಿಟ್ಟಿದ್ದರು. ಮೊಮ್ಮಗನಿಗೆ ಹೇಳಿ ಬಾಗಿಲಿಂದ ಬಚ್ಚಲವರೆಗೆ ಬಿದಿರು ಗಳ ಕಟ್ಟಿಸಿ, ಕಲ್ಲಿನ ಮೇಲೆ ಮರಳು ಹಾಕಿಸಿದೆವು. ಹೆಜ್ಜೆ ಮತ್ತೆ ಏರಿತು. ಯಾವ ಆ್ಯಪಿಗೂ ಪಾಚಿ ಕಾಣುವುದಿಲ್ಲ. ಆದರೆ ಆ ವಾರದ ಲೆಕ್ಕ ಕಾಣದಿದ್ದರೆ ನಾನು ಫೋನೂ ಮಾಡುತ್ತಿರಲಿಲ್ಲ.

ಹಾರ್ಟ್ ಫೇಲ್ಯೂರ್, ಅಂದರೆ ಹೃದಯದ ಪಂಪ್ ಮಾಡುವ ಶಕ್ತಿ ಕುಂದುವ ಕಾಯಿಲೆ ಇರುವವರಲ್ಲಿ ನಡಿಗೆ ಕುಗ್ಗುತ್ತಾ ಬಂದರೆ ಕಾಲು ಊದಿದೆಯಾ, ತೂಕ ಏರಿದೆಯಾ, ಮಲಗಿದರೆ ಉಸಿರು ಕಟ್ಟುತ್ತಾ ಅಂತ ಕೂಡಲೇ ವಿಚಾರಿಸಬೇಕು. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಎಷ್ಟೋ ಜನ ನಡೆದರೆ ಏನಾದರೂ ಆಗಿಬಿಡುತ್ತದೆ ಅನ್ನುವ ಭಯಕ್ಕೆ ಕೂತುಬಿಡುತ್ತಾರೆ. 2025ರಲ್ಲಿ ಹಾಸನದಿಂದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಆ ಭಯ ಹೇಗೆ ಊರೂರಿಗೆ ಹಬ್ಬಿತು ಅಂತ ನೀವೇ ನೋಡಿದ್ದೀರಿ. ಅಂಥವರಿಗೆ ಇವತ್ತು ಇಷ್ಟು ನಡೆದಿದ್ದೀರಿ, ಏನೂ ಆಗಿಲ್ಲ, ನಾಳೆ ಇನ್ನೊಂದು ಸ್ವಲ್ಪ ಅಂತ ಅವರದ್ದೇ ಲೆಕ್ಕ ತೋರಿಸಿ ಹೇಳುವುದರಲ್ಲಿ ದೊಡ್ಡ ಧೈರ್ಯ ಇದೆ.

ಇನ್ನೊಂದು ಮಾತನ್ನು ನಾನು ಗಟ್ಟಿಯಾಗಿಯೇ ಹೇಳಬೇಕು. ಈ ಲೆಕ್ಕ ರೋಗಿಯದು. ಯಾವಾಗ ಎದ್ದರು, ಯಾವಾಗ ಮಲಗಿದರು, ರಾತ್ರಿ ಎಷ್ಟು ಸಲ ಹೊರಗೆ ಹೋದರು, ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಇದು ತಪ್ಪು ಕೈಗೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಬೇಕಾದಷ್ಟಿವೆ. 2018ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಶಿಕ್ಷಕರು ಮುಷ್ಕರ ಹೂಡಿದರು. ಸಂಬಳದ ಜೊತೆ ಅವರ ಸಿಟ್ಟಿಗೆ ಇನ್ನೊಂದು ಕಾರಣ, ವಿಮೆಗಾಗಿ ಆರೋಗ್ಯದ ಆ್ಯಪ್ ಹಾಕಿಕೊಂಡು ಅಂಕ ಗಳಿಸಬೇಕು, ಇಲ್ಲದಿದ್ದರೆ ತಿಂಗಳಿಗೆ 25 ಡಾಲರ್ ಜಾಸ್ತಿ ಕಟ್ಟಬೇಕು ಅನ್ನುವ ನಿಯಮ. ಅದೇ ವರ್ಷ ಅಲ್ಲಿನ ದೊಡ್ಡ ಜೀವವಿಮಾ ಕಂಪನಿಯೊಂದು ಇನ್ನು ಮುಂದೆ ಫಿಟ್‌ನೆಸ್ ಲೆಕ್ಕ ಜೋಡಿಸಿದ ಪಾಲಿಸಿಗಳನ್ನೇ ಮಾರುವುದಾಗಿ ಹೇಳಿತು. ನಮ್ಮಲ್ಲೂ ಚಂಡೀಗಢದ ಪೌರಕಾರ್ಮಿಕರ ಕೈಗೆ ಜಿಪಿಎಸ್ ವಾಚು ಕಟ್ಟಿದ್ದಕ್ಕೆ ಅವರು ಬೀದಿಗಿಳಿದರು. ಹರಿಯಾಣದ ಆಶಾ ಕಾರ್ಯಕರ್ತೆಯರು, ಸರ್ಕಾರ ತಮಗೆ ಕೊಟ್ಟ ಫೋನಿನಲ್ಲಿ ತಮ್ಮ ಮೇಲೆ ಕಣ್ಣಿಡುವ ಆ್ಯಪ್ ಇದೆ ಅಂತ 2021ರಲ್ಲಿ ಪ್ರತಿಭಟಿಸಿದರು. ಆರೈಕೆಯ ಹೆಸರಲ್ಲಿ ಬಂದದ್ದು ಕಾವಲಾಗಿ ತಿರುಗಲು ಹೆಚ್ಚು ಹೊತ್ತು ಬೇಡ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ. ಒಪ್ಪಿಗೆ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಲು ಅವಕಾಶ ಇರಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ನಮ್ಮ ರೋಗಿಯ ಹಕ್ಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯುವಂತಿರಬೇಕು ಅಂತಲೂ ಇದೆ. ಆದರೆ ಅದೇ ಕಾಯ್ದೆ, ಸರ್ಕಾರ ಸೌಲಭ್ಯ ಕೊಡುವ ಕೆಲಸಕ್ಕೆ ಕೆಲವು ಸಂದರ್ಭಗಳಲ್ಲಿ ಬೇರೆಯಾಗಿ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಲು ದಾರಿ ಬಿಟ್ಟಿದೆ. ಆ ದಾರಿ ಇದ್ದರೂ ದಯವಿಟ್ಟು ನೀವು ಅದನ್ನು ಹಿಡಿಯಬೇಡಿ. ಪ್ರತಿಯೊಬ್ಬರನ್ನೂ ಕೇಳಿ, ಅರ್ಥವಾಗುವ ಹಾಗೆ ಕೇಳಿ, ಬೇಡ ಅಂದವರಿಗೂ ಅದೇ ಚಿಕಿತ್ಸೆ ಕೊಡಿ. ಆಯುಷ್ಮಾನ್ ಭಾರತ್ ಆಗಲಿ, ಪಿಂಚಣಿ ಆಗಲಿ, ಅಂಗವಿಕಲರ ಪ್ರಮಾಣಪತ್ರ ಆಗಲಿ, ಇಷ್ಟು ಹೆಜ್ಜೆ ನಡೆದಿದ್ದೀರಲ್ಲ ಅಂತ ಯಾರಿಗೂ ಯಾವುದನ್ನೂ ತಪ್ಪಿಸಬಾರದು. 14 ಅಂಕಿಯ ಆಭಾ ಅನ್ನುವ ಆರೋಗ್ಯ ಖಾತೆಯ ಸಂಖ್ಯೆಗೆ ಇದನ್ನು ಜೋಡಿಸುವುದಾದರೆ ಅದೂ ರೋಗಿ ಒಪ್ಪಿದರೆ ಮಾತ್ರ. ವಾಚು ಒದಗಿಸುವ ಕಂಪನಿಗೆ ಹೆಸರು, ಊರು ಏನೂ ಹೋಗಬಾರದು.

ನಾನು ಕೇಳುವುದು ದೊಡ್ಡ ಯೋಜನೆಯಲ್ಲ. ಮೊದಲು ಒಂದೇ ಜಿಲ್ಲೆ ತೆಗೆದುಕೊಳ್ಳಿ. ಅಲ್ಲಿನ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಕಾಯಂ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕೊಡಿ. ಇರುವ ಕಡೆ ಇನ್ನೊಬ್ಬರನ್ನು ಕೊಡಿ, ಯಾಕೆಂದರೆ ಬೆಳಗ್ಗೆಯಿಂದ ಸಾಯಂಕಾಲದವರೆಗೆ ಓಪಿಡಿಯಲ್ಲಿ ನಿಂತವರಿಗೆ ಲೆಕ್ಕ ನೋಡಿ ಫೋನ್ ಮಾಡುವ ಪುರುಸೊತ್ತು ಎಲ್ಲಿಂದ ಬರಬೇಕು? ದಿನದ ಇಷ್ಟು ಹೊತ್ತು ಫೋನಿನ ಕೆಲಸಕ್ಕೇ ಅಂತ ಡ್ಯೂಟಿ ಪಟ್ಟಿಯಲ್ಲಿ ಬರೆದಿರಲಿ. ಸ್ಟ್ರೋಕ್ ಆಗಿ ಡಿಸ್ಚಾರ್ಜ್ ಆದವರಿಂದ ಶುರು ಮಾಡಿ. ಕಾಲಿನ ಗಂಟಿಗೆ ಕಟ್ಟುವ, ಪರದೆ ಇಲ್ಲದ, ಒಮ್ಮೆ ಚಾರ್ಜ್ ಮಾಡಿದರೆ ವಾರ ಬರುವ, ನೀರು ಬಿದ್ದರೂ ಕೆಡದ ಸರಳ ಸೆನ್ಸರ್ ಸಾಕು. ಆಸ್ಪತ್ರೆಯಿಂದ ಮೂರು ತಿಂಗಳಿಗೆ ಎರವಲು ಕೊಡಿ, ಮುಗಿದ ಮೇಲೆ ಒರೆಸಿ, ಚಾರ್ಜ್ ಮಾಡಿ ಇನ್ನೊಬ್ಬರಿಗೆ ಕೊಡಬಹುದು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರ ಸೆನ್ಸರ್ ತನ್ನಲ್ಲೇ ಲೆಕ್ಕ ಇಟ್ಟುಕೊಂಡಿರಲಿ, ಆಶಾ ಕಾರ್ಯಕರ್ತೆ ಹೋದಾಗ ಅವರ ಫೋನಿಗೆ ಇಳಿಯಲಿ. ಈ ಕೆಲಸಕ್ಕೆ ಆಶಾ ಅಕ್ಕಂದಿರಿಗೆ ಬೇರೆಯಾಗಿ ಗೌರವಧನ ಕೊಡಿ. ಈಗಾಗಲೇ ಅವರ ತಲೆ ಮೇಲಿರುವ ಆ್ಯಪುಗಳೇ ಸಾಕಷ್ಟಿವೆ. ರೋಗಿಗೆ ಹೋಗುವ ಮಾತು ಕನ್ನಡದಲ್ಲಿ, ಓದಲು ಬಾರದವರಿಗೆ ದನಿಯಲ್ಲಿ, ಅವರನ್ನು ನೋಡಿದ ಫಿಸಿಯೋ ಇಟ್ಟ ಗುರಿಗೆ ತಕ್ಕಂತೆ ಹೋಗಲಿ.

ಒಂದು ವರ್ಷ ನಡೆಸಿ. ಸೆನ್ಸರ್ ಮತ್ತು ಫೋನ್ ಎರಡೂ ಇದ್ದ ತಾಲ್ಲೂಕುಗಳನ್ನು, ಫೋನ್ ವಿಚಾರಣೆ ಮಾತ್ರ ಇದ್ದ ತಾಲ್ಲೂಕುಗಳ ಜೊತೆ ಹೋಲಿಸಿ ನೋಡಿ. ಎಷ್ಟು ಜನ ಮತ್ತೆ ಸ್ವಂತವಾಗಿ ಬಚ್ಚಲಿಗೆ ಹೋಗಿಬರುವಂತಾದರು, ಎಷ್ಟು ಜನ ಬಿದ್ದರು, ಎಷ್ಟು ಜನ ಸೆನ್ಸರ್ ಬಿಚ್ಚಿಟ್ಟರು, ಯಾಕೆ ಬಿಚ್ಚಿಟ್ಟರು, ಎಲ್ಲವನ್ನೂ ಕನ್ನಡದಲ್ಲಿ ಪ್ರಕಟಿಸಿ. ಫಲಿತಾಂಶ ಚೆನ್ನಾಗಿ ಬರದಿದ್ದರೂ ಪ್ರಕಟಿಸಿ. ಬರೀ ಫೋನ್ ವಿಚಾರಣೆಯಿಂದಲೇ ಅಷ್ಟೇ ಲಾಭ ಆಗುತ್ತದೆ ಅಂತ ಗೊತ್ತಾದರೆ ನನಗೇನೂ ಬೇಸರವಿಲ್ಲ. ಆಗ ಸೆನ್ಸರಿನ ದುಡ್ಡನ್ನೂ ಜನರ ಸಂಬಳಕ್ಕೇ ಹಾಕಿ.

2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಮೈಗೆ ಬೇಕಾದಷ್ಟು ಓಡಾಟ ಮಾಡುತ್ತಿರಲಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದರಲ್ಲೂ ಹೆಂಗಸರ ಪಾಲು ಜಾಸ್ತಿ. ಆ ದೊಡ್ಡ ಸಮಸ್ಯೆಗೆ ಬೇರೆ ಬೇರೆ ದಾರಿಗಳಿರಬಹುದು. ನನ್ನ ಬೇಡಿಕೆ ಕಾಯಿಲೆಯಿಂದ ಎದ್ದವರ ಮಟ್ಟಿಗೆ ಮಾತ್ರ. ಅವರ ಸಂಖ್ಯೆ ಚಿಕ್ಕದು, ಅವರ ವಿಳಾಸ ನಮ್ಮ ರಿಜಿಸ್ಟರಿನಲ್ಲೇ ಇದೆ, ಅವರಿಗೆ ಸಮಯ ಕಮ್ಮಿ. ಸ್ಟ್ರೋಕ್ ಆದ ಮೊದಲ ಕೆಲವು ತಿಂಗಳಲ್ಲಿ ಕೈಕಾಲು ಸುಧಾರಿಸುವಷ್ಟು ಆಮೇಲೆ ಸುಧಾರಿಸುವುದಿಲ್ಲ ಅನ್ನುವುದು ನಿಮ್ಮ ತಜ್ಞರಿಗೂ ಗೊತ್ತು.

ಈ ಜಿಲ್ಲೆಯಲ್ಲೇ ಶುರು ಮಾಡುವುದಾದರೆ ಯಾವ ಸೆನ್ಸರನ್ನು ಎಲ್ಲಿ ಕಟ್ಟಿದರೆ ಸರಿಯಾಗಿ ಎಣಿಸುತ್ತದೆ ಅಂತ ನಮ್ಮ ರೋಗಿಗಳ ಒಪ್ಪಿಗೆ ಪಡೆದು ಪರೀಕ್ಷಿಸಿ ಕೊಡಲು ನಾನೂ, ನನ್ನ ಜೊತೆ ಕೆಲಸ ಮಾಡುವವರೂ ತಯಾರಿದ್ದೇವೆ. ಸಭೆಗೆ ಕರೆದರೆ ಬರುತ್ತೇವೆ. ಬರುವಾಗ ವಾಕರ್ ಹಿಡಿದು ನಡೆಯುವ ಒಬ್ಬರನ್ನು, ಅವರು ಒಪ್ಪಿದರೆ, ಜೊತೆಗೆ ಕರೆತರುತ್ತೇವೆ. ಕಂಪನಿಯವರು ತಮ್ಮ ವಾಚನ್ನು ಅವರ ಕೈಗೆ ಕಟ್ಟಿ ನಿಮ್ಮ ಮುಂದೆಯೇ ಎಣಿಸಿ ತೋರಿಸಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್,
ತುಮಕೂರು ಜಿಲ್ಲೆ